ಸಮುದ್ರದ ಹಳೇ ಲೆಕ್ಕ ಯಾರ ಹತ್ತಿರ ಇದೆ? ನೀರಿಗಿಳಿದ ಹೆಣ್ಣುಮಕ್ಕಳನ್ನು ಕೇಳೋಣ

ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ನೋಡಿದವರಿಗೆ, ನೇತ್ರಾಣಿ ದ್ವೀಪದ ಹತ್ತಿರ ಅವರು ಸಿಲಿಂಡರ್ ಕಟ್ಕೊಂಡು ಸಮುದ್ರಕ್ಕಿಳಿಯೋ ದೃಶ್ಯ ನೆನಪಿರುತ್ತೆ. ಮುರುಡೇಶ್ವರದಿಂದ ಬೋಟ್‌ನಲ್ಲಿ ಹೋದರೆ ಸಿಗೋ ಪುಟ್ಟ ದ್ವೀಪ ಅದು. ದೂರದಿಂದ ಬರೀ ಕಲ್ಲುಗುಡ್ಡದ ಥರ ಕಾಣುತ್ತೆ. ನೀರೊಳಗೆ ತಲೆ ಹಾಕಿದರೆ ಹವಳ, ಹವಳದ ಸಂದಿಯಲ್ಲಿ ಮೀನುಗಳ ದೊಡ್ಡ ಸಂಸಾರ. 2022ರಲ್ಲಿ ಆ ಚಿತ್ರ ಬಂದಾಗ ನಮ್ಮದೇ ಉತ್ತರ ಕನ್ನಡದ ಸಮುದ್ರದೊಳಗೆ ಇಂಥದ್ದೊಂದು ಲೋಕ ಇದೆ ಅಂತ ಮೊದಲ ಸಲ ನೋಡಿದವರು ಬಹಳ ಜನ.

ಇವತ್ತಿನ ಸಂಚಿಕೆ ಹುಟ್ಟಿದ್ದು ಅಲ್ಲಿಂದಲೇ. ಕಾಡು ಕಡಿದರೆ ಕಣ್ಣಿಗೆ ಕಾಣುತ್ತೆ. ಕೆರೆ ಬತ್ತಿದರೆ ಊರಿಗೆಲ್ಲ ಗೊತ್ತಾಗುತ್ತೆ. ಸಮುದ್ರದ ಒಳಗೆ ಅರ್ಧ ಖಾಲಿ ಆದರೂ ಮೇಲಿನ ನೀರು ಅಷ್ಟೇ ನೀಲಿ, ಅಲೆ ಅಷ್ಟೇ ಚಂದ, ಸೆಲ್ಫಿಯೂ ಅಷ್ಟೇ ಚೆನ್ನಾಗಿ ಬರುತ್ತೆ. ಹಾಗಾದರೆ ಒಳಗೆ ಏನಿತ್ತು, ಈಗ ಏನಿದೆ, ಎಷ್ಟು ಕಡಿಮೆಯಾಯ್ತು ಅಂತ ಹೇಳೋರು ಯಾರು?

ನಾನು ಓದಿದ್ದು ಬಿಕಾಂ. ಅದಕ್ಕೇ ಈ ಪ್ರಶ್ನೆ ನನಗೆ ಸ್ಟಾಕ್ ಲೆಕ್ಕದ ಥರ ಕಾಣುತ್ತೆ. ಅಂಗಡಿಯ ಸೇಲ್ಸ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಗೋಡೌನ್ ತುಂಬಿದೆ ಅಂತ ಅಲ್ಲ. ಬಿಲ್ ನೋಡಿದರೆ ಸಾಲದು, ಯಾರಾದರೂ ಗೋಡೌನ್‌ಗೆ ಹೋಗಿ ಮೂಟೆ ಎಣಿಸಬೇಕು. ಸಮುದ್ರದ ವಿಷಯದಲ್ಲಿ ನಮ್ಮ ಕೈಲಿರೋದು ಹೆಚ್ಚಾಗಿ ಸೇಲ್ಸ್ ಬಿಲ್ ಮಾತ್ರ, ಅಂದರೆ ಬಂದರಿಗೆ ಇಷ್ಟು ಟನ್ ಮೀನು ಬಂತು ಅನ್ನೋ ಲೆಕ್ಕ. ಇಂಜಿನ್ ದೊಡ್ಡದಾದರೆ, ಬಲೆ ಉದ್ದವಾದರೆ, ಇನ್ನಷ್ಟು ದೂರ ಹೋದರೆ, ಒಳಗಿನ ಸ್ಟಾಕ್ ಕರಗ್ತಿದ್ದರೂ ಬಿಲ್ ಮಾತ್ರ ಏರ್ತಾನೇ ಇರುತ್ತೆ.

ಇದಕ್ಕಿಂತ ದೊಡ್ಡ ಸಮಸ್ಯೆ ಓಪನಿಂಗ್ ಬ್ಯಾಲೆನ್ಸ್‌ದು. ಡೇನಿಯಲ್ ಪಾಲಿ ಅನ್ನೋ ಮೀನುಗಾರಿಕೆ ವಿಜ್ಞಾನಿ 1995ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಪ್ರತಿ ತಲೆಮಾರಿನವರೂ ತಾವು ಕೆಲಸ ಶುರು ಮಾಡಿದಾಗ ಸಮುದ್ರ ಹೇಗಿತ್ತೋ ಅದನ್ನೇ ‘ಮೊದಲಿನ ಸ್ಥಿತಿ’ ಅಂದ್ಕೋತಾರೆ ಅನ್ನೋದು ಅದರ ಸಾರ. ಅಜ್ಜ ನೋಡಿದ ಸಮುದ್ರದಲ್ಲಿ ನೂರು ಇತ್ತು ಅಂತಿಟ್ಕೊಳ್ಳಿ. ಅಪ್ಪ ಎಪ್ಪತ್ತರಿಂದ ಲೆಕ್ಕ ಶುರು ಮಾಡ್ತಾನೆ, ಮಗ ನಲವತ್ತರಿಂದ. ಮಗನ ಕಾಲದಲ್ಲಿ ನಲವತ್ತು ಮೂವತ್ತೈದಾದರೆ ಐದು ಮಾತ್ರ ಹೋಯ್ತು ಅನ್ಸುತ್ತೆ. ಅಜ್ಜನ ನೂರು ಯಾವ ಪುಸ್ತಕದಲ್ಲೂ ಇಲ್ಲ.

ಅಂದರೆ ನಮಗೆ ಬೇಕಿರೋದು ಹಳೇ ಓಪನಿಂಗ್ ಬ್ಯಾಲೆನ್ಸ್ ಕಣ್ಣಾರೆ ನೋಡಿದವರು. ಮತ್ತೆ ಮತ್ತೆ, ನಲವತ್ತು ಐವತ್ತು ವರ್ಷ, ನೀರೊಳಗೆ ಹೋಗಿ ಬಂದವರು. ಅಂಥ ಕೆಲವು ಹೆಣ್ಣುಮಕ್ಕಳ ಕಥೆ ಇವತ್ತು ಹೇಳ್ತೀನಿ. ಕೆಲವರು ಸ್ಕೂಬಾ ಸಿಲಿಂಡರ್ ಹಾಕಿದವರು, ಕೆಲವರು ಉಸಿರು ಕಟ್ಟಿ ಇಳಿದವರು.

ಸ್ಕೂಬಾ ಅಂದರೆ ಏನು, ಟೈಮ್ ಯಾಕೆ ಅಷ್ಟು ಕಡಿಮೆ?

ಕಥೆಗೆ ಮೊದಲು ಎರಡು ನಿಮಿಷ ವಿಜ್ಞಾನ. 1943ರಲ್ಲಿ ಫ್ರಾನ್ಸ್‌ನಲ್ಲಿ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ‘ಆಕ್ವಾ ಲಂಗ್’ ಅನ್ನೋ ಸಾಧನ ಮಾಡಿದರು. ಬೆನ್ನಿಗೆ ಒತ್ತಿ ತುಂಬಿದ ಗಾಳಿಯ ಸಿಲಿಂಡರ್, ಬಾಯಿಗೆ ರೆಗ್ಯುಲೇಟರ್. ನೀವು ಉಸಿರು ಎಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಅದು ಗಾಳಿ ಕೊಡುತ್ತೆ. ಇವತ್ತಿನ ಸ್ಕೂಬಾ ನಡೆಯೋದೂ ಇದೇ ತತ್ವದ ಮೇಲೆ.

ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿ ಆಗುತ್ತೆ. 10 ಮೀಟರ್ ಕೆಳಗೆ ಒತ್ತಡ ಎರಡರಷ್ಟು, ಗಾಳಿ ಖರ್ಚಾಗೋದೂ ಎರಡರಷ್ಟು ಬೇಗ. ಒಂದು ಸಿಲಿಂಡರ್ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಜೊತೆಗೆ ಗಾಳಿಯಲ್ಲಿರೋ ನೈಟ್ರೋಜನ್ ಒತ್ತಡಕ್ಕೆ ನಮ್ಮ ರಕ್ತ, ಮಾಂಸಖಂಡದೊಳಗೆ ಕರಗುತ್ತೆ. ಸರಸರ ಮೇಲೆ ಬಂದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ದೇಹದೊಳಗೆ ಗುಳ್ಳೆ ಏಳುತ್ತೆ, ಜೀವಕ್ಕೇ ಅಪಾಯ. ಅದಕ್ಕೇ ಡೈವ್ ಮಾಡಿದ ತಕ್ಷಣ ವಿಮಾನ ಹತ್ತಬಾರದು ಅನ್ನೋದು. ಒಟ್ಟಿನಲ್ಲಿ ಕೆಳಗೆ ಹೋದವರಿಗೆ ಸಿಗೋ ಸಮಯ ತೀರಾ ಕಡಿಮೆ. ಗೋಡೌನ್ ಬಾಗಿಲು ತೆಗೆದು, ಇಣುಕಿ, ಓಡಿ ಬರೋ ಹಾಗೆ. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಶಾರ್ಕ್‌ಗಳ ಪರ ಮಾತಾಡಿದ ಯೂಜಿನಿ

ಯೂಜಿನಿ ಕ್ಲಾರ್ಕ್ ಹುಟ್ಟಿದ್ದು 1922ರಲ್ಲಿ, ನ್ಯೂಯಾರ್ಕ್‌ನಲ್ಲಿ. ತಾಯಿ ಜಪಾನಿ ಮೂಲದವರು. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡರು. ಶನಿವಾರ ಕೆಲಸಕ್ಕೆ ಹೋಗುವಾಗ ಮಗಳನ್ನು ಬಿಡೋಕೆ ಬೇರೆ ಜಾಗ ಇರಲಿಲ್ಲ. ಹತ್ತಿರದಲ್ಲಿದ್ದ ನ್ಯೂಯಾರ್ಕ್ ಅಕ್ವೇರಿಯಂಗೆ ಬಿಟ್ಟು ಹೋಗ್ತಿದ್ದರು. ಆ ಹುಡುಗಿ ಗಂಟೆಗಟ್ಟಲೆ ಗಾಜಿಗೆ ಮೂಗು ಒತ್ತಿ ನಿಲ್ತಿತ್ತು.

ಮುಂದೆ ಹೆಚ್ಚಿನ ಓದಿಗೆ ಅರ್ಜಿ ಹಾಕಿದಾಗ ಒಂದು ಕಡೆ ಬಂದ ಮಾತು ಇದು: ನೀನು ಮದುವೆ ಆಗ್ತೀಯ, ಮಕ್ಕಳಾಗುತ್ತೆ, ನಿನಗೆ ಕಲಿಸಿದ್ದೆಲ್ಲ ದಂಡ. ಈ ಮಾತನ್ನು ಇವತ್ತಿಗೂ ನಮ್ಮ ಮನೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ಕೇಳ್ತೀವಿ, ಅಲ್ವಾ? ಅವರು ಬೇರೆ ವಿಶ್ವವಿದ್ಯಾಲಯ ಸೇರಿದರು, 1950ರಲ್ಲಿ ಪಿಎಚ್‌ಡಿ ಮುಗಿಸಿದರು. ಮದುವೆಯನ್ನೂ ಆದರು, ನಾಲ್ಕು ಮಕ್ಕಳ ತಾಯಿಯೂ ಆದರು, ಸಮುದ್ರವನ್ನೂ ಬಿಡಲಿಲ್ಲ. 1955ರಲ್ಲಿ ಫ್ಲೋರಿಡಾದಲ್ಲಿ ಅವರು ಶುರು ಮಾಡಿದ ಪುಟ್ಟ ಪ್ರಯೋಗಾಲಯವೇ ಇವತ್ತಿನ ಪ್ರಸಿದ್ಧ ಮೋಟ್ ಮರೀನ್ ಲ್ಯಾಬೊರೇಟರಿ.

ಆಗ ಶಾರ್ಕ್ ಅಂದರೆ ಬುದ್ಧಿ ಇಲ್ಲದ, ಕಂಡಿದ್ದನ್ನೆಲ್ಲ ಕಚ್ಚೋ ಪ್ರಾಣಿ ಅಂತಲೇ ಜನ ನಂಬಿದ್ದರು. ಒಂದು ಹಲಗೆಯನ್ನು ಮೂಗಿನಿಂದ ಒತ್ತಿದರೆ ಆಹಾರ ಸಿಗುತ್ತೆ ಅಂತ ಲೆಮನ್ ಶಾರ್ಕ್‌ಗಳಿಗೆ ಕ್ಲಾರ್ಕ್ ಕಲಿಸಿದರು. ಶಾರ್ಕ್ ಕಲಿಯುತ್ತೆ, ನೆನಪಿಟ್ಟುಕೊಳ್ಳುತ್ತೆ ಅನ್ನೋದು ಹಾಗೆ ಗೊತ್ತಾಯಿತು. ಶಾರ್ಕ್ ಈಜು ನಿಲ್ಲಿಸಿದರೆ ಉಸಿರುಗಟ್ಟಿ ಸಾಯುತ್ತೆ ಅನ್ನೋ ನಂಬಿಕೆಯೂ ಇತ್ತು. 1970ರ ದಶಕದಲ್ಲಿ ಮೆಕ್ಸಿಕೋದ ಇಸ್ಲಾ ಮುಹೇರೆಸ್ ದ್ವೀಪದ ಹತ್ತಿರ ನೀರೊಳಗಿನ ಗುಹೆಗಳಿಗೆ ಅವರೇ ಇಳಿದರು. ಅಲ್ಲಿ ದೊಡ್ಡ ದೊಡ್ಡ ಶಾರ್ಕ್‌ಗಳು ನೆಲದ ಮೇಲೆ ಅಲ್ಲಾಡದೆ ಮಲಗಿದ್ದವು, ಆರಾಮಾಗಿ ಉಸಿರಾಡ್ತಿದ್ದವು. ಪುಸ್ತಕದಲ್ಲಿದ್ದ ಮಾತು ಸುಳ್ಳು ಅಂತ ಗೊತ್ತಾಗಿದ್ದು ಯಾರೋ ಇಳಿದು ನೋಡಿದ್ದರಿಂದ.

ಕ್ಲಾರ್ಕ್ ಕೆಂಪು ಸಮುದ್ರಕ್ಕೆ ಮೊದಲು ಹೋಗಿದ್ದು 1951ರಲ್ಲಿ, ಈಜಿಪ್ಟ್‌ನ ಹುರ್ಘಾದಾಗೆ. ಆಮೇಲೆ ಹತ್ತಾರು ಸಲ ಆ ಸಮುದ್ರಕ್ಕೆ ಮರಳಿದರು. ಮೊದಲು ನೋಡಿದ ಹವಳ ಹೇಗಿತ್ತು, ಪ್ರವಾಸಿಗರು ಬಂದ ಮೇಲೆ ಹೇಗಾಯ್ತು ಅನ್ನೋ ಹೋಲಿಕೆ ಅವರ ಕಣ್ಣಲ್ಲಿತ್ತು. ಸಿನಾಯ್ ಪರ್ಯಾಯ ದ್ವೀಪದ ತುದಿಯಲ್ಲಿರೋ ರಾಸ್ ಮೊಹಮ್ಮದ್ ಅನ್ನೋ ಜಾಗವನ್ನು ಉಳಿಸಿ ಅಂತ ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. 1983ರಲ್ಲಿ ಅದು ಈಜಿಪ್ಟ್‌ನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಕ್ಲಾರ್ಕ್ 2015ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಡೈವ್ ಮಾಡ್ತಿದ್ದರು.

ಎರಡು ವಾರ ಸಮುದ್ರದ ತಳದಲ್ಲೇ ಮನೆ

ಈಗ ಸಿಲ್ವಿಯಾ ಅರ್ಲ್ ವಿಷಯಕ್ಕೆ ಬರೋಣ. 1935ರಲ್ಲಿ ಹುಟ್ಟಿದ ಇವರು ಬಾಲ್ಯದಲ್ಲೇ ಫ್ಲೋರಿಡಾಗೆ ಬಂದರು, ಮನೆ ಮುಂದೆಯೇ ಮೆಕ್ಸಿಕೋ ಕೊಲ್ಲಿ. ಅಮೆರಿಕದಲ್ಲಿ ಸ್ಕೂಬಾ ಇನ್ನೂ ಹೊಸದಾಗಿದ್ದ 1950ರ ದಶಕದಲ್ಲೇ ವಿದ್ಯಾರ್ಥಿನಿಯಾಗಿ ನೀರಿಗಿಳಿದರು. ಅವರ ಪಿಎಚ್‌ಡಿ ವಿಷಯ ಕಡಲಪಾಚಿ. ದಡಕ್ಕೆ ತೇಲಿಬಂದ ಪಾಚಿ ಆಯ್ದು ಓದೋ ಕಾಲದಲ್ಲಿ, ಅದು ಬೆಳೆಯೋ ಜಾಗಕ್ಕೇ ಹೋಗಿ ಸಾವಿರಾರು ಮಾದರಿ ಸಂಗ್ರಹಿಸಿದರು.

1964ರಲ್ಲಿ ಹಿಂದೂ ಮಹಾಸಾಗರದ ಸಂಶೋಧನಾ ಯಾನಕ್ಕೆ ಅವರು ಹೊರಟಾಗ ಹಡಗಿನಲ್ಲಿ 70 ಗಂಡಸರು, ಇವರೊಬ್ಬರೇ ಹೆಂಗಸು. ಮೊಂಬಾಸಾದ ಪತ್ರಿಕೆ ಹೆಡ್‌ಲೈನ್ ಮಾಡಿದ್ದು ಈ ಲೆಕ್ಕವನ್ನೇ. ಸಮುದ್ರದಲ್ಲಿ ಏನು ಹುಡುಕಲು ಹೊರಟಿದ್ದಾರೆ ಅನ್ನೋದಕ್ಕಿಂತ ಅದೇ ದೊಡ್ಡ ಸುದ್ದಿಯಾಯಿತು.

1970ರಲ್ಲಿ ‘ಟೆಕ್ಟೈಟ್ 2’ ಅನ್ನೋ ಯೋಜನೆ ಬಂತು. ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಲ್ಲಿ, ಸುಮಾರು 15 ಮೀಟರ್ ಆಳದಲ್ಲಿ ಒಂದು ಮನೆ. ಅದರಲ್ಲಿ ವಿಜ್ಞಾನಿಗಳು ಎರಡು ವಾರ ಇದ್ದು ಅಧ್ಯಯನ ಮಾಡಬೇಕು. ಮುಚ್ಚಿದ ಜಾಗದಲ್ಲಿ ಜನ ಹೇಗೆ ಬದುಕ್ತಾರೆ ಅಂತ ತಿಳಿಯೋಕೆ ನಾಸಾ ಕೂಡ ಕೈಜೋಡಿಸಿತ್ತು. ಸಿಲ್ವಿಯಾ ಅರ್ಜಿ ಹಾಕಿದರು. ನೀರೊಳಗೆ ಸಾವಿರಕ್ಕೂ ಹೆಚ್ಚು ಗಂಟೆ ಕಳೆದಿದ್ದ ಅರ್ಜಿದಾರರು ಅವರು. ಆದರೆ ಹೆಂಗಸು, ಗಂಡಸು ಒಂದೇ ಮನೆಯಲ್ಲಿ ಇರೋದು ಅಧಿಕಾರಿಗಳಿಗೆ ಸರಿ ಕಾಣಲಿಲ್ಲ. ಕೊನೆಗೆ ಬರೀ ಹೆಂಗಸರದ್ದೇ ಒಂದು ತಂಡ ಮಾಡಿದರು. ಸಿಲ್ವಿಯಾ ನಾಯಕಿ. ಜೊತೆಗೆ ರೆನಾಟೆ ಟ್ರೂ, ಆನ್ ಹಾರ್ಟ್‌ಲೈನ್, ಅಲೀನಾ ಸ್ಮಾಂಟ್, ಎಂಜಿನಿಯರ್ ಆಗಿ ಮಾರ್ಗರೆಟ್ ಲ್ಯೂಕಸ್.

ಸ್ವಲ್ಪ ಮುಂಚೆ ಹೇಳಿದ ನೈಟ್ರೋಜನ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತೆ. ದೇಹ ಒಂದು ಆಳದಲ್ಲಿ ಹೀರಬಹುದಾದಷ್ಟು ನೈಟ್ರೋಜನ್ ಹೀರಿ ಆದ ಮೇಲೆ ಮತ್ತೆ ಹೀರಲ್ಲ. ಸ್ಪಂಜು ಒಂದು ಸಲ ಪೂರ್ತಿ ನೆನೆದ ಮೇಲೆ ಇನ್ನೆಷ್ಟು ಹೊತ್ತು ಬಕೆಟ್‌ನಲ್ಲಿಟ್ಟರೂ ಅಷ್ಟೇ ನೀರು, ಅಲ್ವಾ, ಹಾಗೆ. ಅಂದರೆ ಎರಡು ದಿನ ಇದ್ದರೂ ಎರಡು ವಾರ ಇದ್ದರೂ, ವಾಪಸ್ ಬರುವಾಗ ಒತ್ತಡ ನಿಧಾನಕ್ಕೆ ಇಳಿಸ್ಕೊಳ್ಳೋಕೆ ಬೇಕಾದ ಸಮಯ ಒಂದೇ. ಕೆಳಗೇ ಮನೆ ಮಾಡಿದರೆ ಮೇಲೆ ಕೆಳಗೆ ಓಡಾಡೋ ತಾಪತ್ರಯ ಇಲ್ಲ. ದಿನಕ್ಕೆ ಹಲವು ಗಂಟೆ ನೀರಲ್ಲೇ ಕೆಲಸ ಮಾಡಬಹುದು. ಈ ತಂಡ ಬಳಸಿದ್ದು ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡೋ ಸಾಧನ. ಗುಳ್ಳೆಯ ಸದ್ದಿಲ್ಲ, ಹಾಗಾಗಿ ಮೀನುಗಳೂ ಬೆದರುತ್ತಿರಲಿಲ್ಲ.

ಇಣುಕಿ ಬರೋದಕ್ಕೂ ಅಲ್ಲೇ ವಾಸ ಮಾಡೋದಕ್ಕೂ ಇರೋ ವ್ಯತ್ಯಾಸ ದೊಡ್ಡದು. ಯಾವ ಮೀನು ಬೆಳಗ್ಗೆ ಎಷ್ಟೊತ್ತಿಗೆ ಏಳುತ್ತೆ, ರಾತ್ರಿ ಎಲ್ಲಿ ಮಲಗುತ್ತೆ, ಯಾವುದು ಪಾಚಿಯನ್ನು ಎಷ್ಟು ಮೇಯುತ್ತೆ ಅಂತೆಲ್ಲ ಅವರು ನೋಡಿದರು. ದಿನಾ ನೋಡಿ ನೋಡಿ ಒಂದೊಂದು ಮೀನಿನ ಮುಖಪರಿಚಯವೂ ಆಯ್ತು. ನಮ್ಮ ಬೀದಿಯ ನಾಯಿಗಳ ಸ್ವಭಾವ ನಮಗೆ ಗೊತ್ತಿರಲ್ವಾ, ಹಾಗೆ.

ಮೇಲೆ ಬಂದ ಮೇಲೆ ಶಿಕಾಗೋದಲ್ಲಿ ಮೆರವಣಿಗೆ, ಶ್ವೇತಭವನದಲ್ಲಿ ಸತ್ಕಾರ. ಪತ್ರಿಕೆಗಳು ಇವರನ್ನು ಕರೆದಿದ್ದು ಮಾತ್ರ ‘ಆಕ್ವಾಬೇಬ್ಸ್’ ಅಂತ. ಸಿಲ್ವಿಯಾ ಆ ಪ್ರಚಾರವನ್ನು ಬೇಡ ಅನ್ನದೆ ಬಳಸಿಕೊಂಡರು. ನೂರು ಜನ ಹೇರ್ ಡ್ರೈಯರ್ ಬಗ್ಗೆ ಕೇಳೋಕೆ ಬಂದರೂ ಪರವಾಗಿಲ್ಲ, ಅವರಿಗೆ ಹವಳದ ಬಗ್ಗೆಯೂ ಹೇಳಬಹುದಲ್ಲ. ತಂಡದ ಕಿರಿಯರಲ್ಲೊಬ್ಬರಾದ ಅಲೀನಾ ಸ್ಮಾಂಟ್ ಮುಂದೆ ಹವಳದ ಸಂತಾನೋತ್ಪತ್ತಿಯ ಬಗ್ಗೆ ಜೀವನಪೂರ್ತಿ ಸಂಶೋಧನೆ ಮಾಡಿದರು.

1979ರಲ್ಲಿ ಹವಾಯಿಯ ಓಆಹು ಹತ್ತಿರ ಸಿಲ್ವಿಯಾ ‘ಜಿಮ್ ಸೂಟ್’ ಅನ್ನೋ ಲೋಹದ ಕವಚ ತೊಟ್ಟು 381 ಮೀಟರ್ ಆಳದ ತಳದಲ್ಲಿ ಎರಡೂವರೆ ಗಂಟೆ ನಡೆದಾಡಿದರು. 1990ರಲ್ಲಿ ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ಮುಖ್ಯ ವಿಜ್ಞಾನಿಯಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರೇ. ನಿಮ್ಮ ಫೋನ್‌ನಲ್ಲಿರೋ ಗೂಗಲ್ ಅರ್ತ್‌ಗೂ ಅವರಿಗೂ ನಂಟಿದೆ. ಮೊದಲು ಅದರಲ್ಲಿ ಸಮುದ್ರ ಅಂದರೆ ಬರೀ ನೀಲಿ ಬಣ್ಣ. ಭೂಮಿಯ ಮುಕ್ಕಾಲು ಭಾಗ ಬಿಟ್ಟು ಇದನ್ನು ಭೂಮಿ ಅಂತ ಹೇಗೆ ಕರೀತೀರಿ ಅಂತ ಆ ಕಂಪನಿಯವರನ್ನೇ ಕೆಣಕಿದರು. 2009ರಲ್ಲಿ ಗೂಗಲ್ ಅರ್ತ್‌ಗೆ ಸಮುದ್ರದ ತಳವೂ ಸೇರಿತು.

ಅದೇ ವರ್ಷ ಅವರಿಗೆ ಟೆಡ್ ಪ್ರಶಸ್ತಿ ಬಂತು. ಆಗ ಶುರುವಾದದ್ದು ‘ಮಿಷನ್ ಬ್ಲೂ’ ಮತ್ತು ಅದರ ‘ಹೋಪ್ ಸ್ಪಾಟ್’ಗಳು, ಅಂದರೆ ಉಳಿಸಲೇಬೇಕು ಅಂತ ಗುರುತಿಸಿದ ಸಮುದ್ರದ ಜಾಗಗಳು. ಜಗತ್ತಿನಲ್ಲಿ ಈಗ 150ಕ್ಕೂ ಹೆಚ್ಚಿವೆ. ನಮ್ಮ ಅಂಡಮಾನ್ ಮತ್ತು ಲಕ್ಷದ್ವೀಪ ಎರಡೂ ಆ ಪಟ್ಟಿಯಲ್ಲಿವೆ. ಒಂದು ಮಾತು ಸ್ಪಷ್ಟ ಇರಲಿ: ಹೋಪ್ ಸ್ಪಾಟ್ ಅಂದರೆ ಕಾನೂನಿನ ರಕ್ಷಣೆ ಅಲ್ಲ. ಇದು ಮುಖ್ಯವಾದ ಜಾಗ ಅಂತ ಸರ್ಕಾರಕ್ಕೂ ಜನಕ್ಕೂ ನೆನಪಿಸೋ ಗುರುತು ಅಷ್ಟೇ. ಕಾನೂನು ಮಾಡೋದು ಆಯಾ ದೇಶದ ಕೆಲಸ.

ಬೇಟೆ ಬಿಟ್ಟ ವ್ಯಾಲರಿ

ಎಲ್ಲರೂ ವಿಜ್ಞಾನಿಗಳಾಗಿಯೇ ನೀರಿಗಿಳಿದವರಲ್ಲ. ಆಸ್ಟ್ರೇಲಿಯಾದ ವ್ಯಾಲರಿ ಟೇಲರ್ ಬೇಟೆಗಾರ್ತಿ. ಇವರು ಹುಟ್ಟಿದ್ದೂ 1935ರಲ್ಲೇ. ಚಿಕ್ಕಂದಿನಲ್ಲಿ ಪೋಲಿಯೋ ಬಂದಿತ್ತು. 1960ರ ದಶಕದಲ್ಲಿ ಈಟಿಯಿಂದ ಮೀನು ಹೊಡೆಯೋ ಸ್ಪರ್ಧೆಗಳ ಚಾಂಪಿಯನ್ ಆದರು. ಗಂಡ ರಾನ್ ಟೇಲರ್ ಕೂಡ ಚಾಂಪಿಯನ್. ಸ್ಪರ್ಧೆ ಮುಗಿದ ಮೇಲೆ ರಾಶಿ ಬಿದ್ದ ಸತ್ತ ಮೀನುಗಳನ್ನು ನೋಡಿ ನೋಡಿ ಇಬ್ಬರಿಗೂ ಸಾಕಾಯ್ತು. ಈಟಿ ಕೆಳಗಿಟ್ಟು ಕ್ಯಾಮೆರಾ ಹಿಡಿದರು.

1975ರ ‘ಜಾಸ್’ ಸಿನಿಮಾದಲ್ಲಿ ಬರೋ ನಿಜವಾದ ಶಾರ್ಕ್ ದೃಶ್ಯಗಳನ್ನು ತೆಗೆದದ್ದು ಈ ದಂಪತಿಯೇ. ಸಿನಿಮಾ ಭರ್ಜರಿ ಓಡಿತು, ಆದರೆ ಜನರಿಗೆ ಹುಟ್ಟಿದ ಭಯದಲ್ಲಿ ಶಾರ್ಕ್ ಕೊಲ್ಲೋದು ಒಂದು ಮೋಜಾಯಿತು. ಆಗ ಇವರಿಬ್ಬರೂ ಊರೂರು ತಿರುಗಿ, ಟಿವಿಯಲ್ಲಿ ಕೂತು, ಅದು ಕಥೆ ಕಣ್ರೀ ಅಂತ ಹೇಳಬೇಕಾಯ್ತು. ವ್ಯಾಲರಿ ಉಕ್ಕಿನ ಬಲೆಯ ಸೂಟ್ ಹಾಕಿ ತಮ್ಮ ಕೈಯನ್ನೇ ಶಾರ್ಕ್ ಬಾಯಿಗೆ ಕೊಟ್ಟ ಚಿತ್ರಗಳು ಆಗ ಜಗತ್ತೆಲ್ಲ ಓಡಾಡಿದವು.

ಸಿಡ್ನಿ ಕಡೆಯ ಸಮುದ್ರದಲ್ಲಿ ಗ್ರೇ ನರ್ಸ್ ಅನ್ನೋ ಶಾರ್ಕ್ ಇದೆ. ನೋಡೋಕೆ ಹಲ್ಲು ಭಯಂಕರ, ಸ್ವಭಾವ ಸಾಧು. ನರಭಕ್ಷಕ ಅಂದ್ಕೊಂಡು ಡೈವರ್‌ಗಳೇ ಅದನ್ನು ಕೊಂದು ಕೊಂದು ಮುಗಿಸ್ತಾ ಬಂದಿದ್ದರು. ಮೊದಲು ಎಷ್ಟಿದ್ದವು ಅಂತ ಹೇಳೋಕೆ ವ್ಯಾಲರಿಯಂಥವರೇ ಬೇಕಿತ್ತು. ಅವರು ಹಿಡಿದ ಹಟದ ಫಲವಾಗಿ 1984ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಅದನ್ನು ಕೊಲ್ಲಬಾರದು ಅಂತ ಕಾನೂನು ಮಾಡಿತು. ಶಾರ್ಕ್ ಒಂದಕ್ಕೆ ಜಗತ್ತಿನಲ್ಲಿ ಸಿಕ್ಕ ಮೊದಲ ರಕ್ಷಣೆ ಅದು. ನಮ್ಮ ದೇಶದಲ್ಲಿ ತಿಮಿಂಗಿಲ ಶಾರ್ಕ್‌ಗೆ ಇಂಥ ರಕ್ಷಣೆ ಸಿಕ್ಕಿದ್ದು 2001ರಲ್ಲಿ.

ಸಿಲಿಂಡರ್ ಬೇಡ ಅಂದ ಅಜ್ಜಿಯರು

ಇಲ್ಲಿವರೆಗೆ ಹೇಳಿದವರೆಲ್ಲ ಹೆಸರು ಮಾಡಿದವರು, ಕ್ಯಾಮೆರಾ ಇದ್ದವರು. ಸ್ಕೂಬಾ ಹುಟ್ಟೋಕೆ ಎಷ್ಟೋ ಮುಂಚಿನಿಂದ ಸಮುದ್ರಕ್ಕಿಳಿಯೋ ಹೆಂಗಸರಿದ್ದಾರೆ. ದಕ್ಷಿಣ ಕೊರಿಯಾದ ಜೇಜು ದ್ವೀಪದ ‘ಹೆನ್ಯೊ’ಗಳು ಅಂಥವರು. ಸಿಲಿಂಡರ್ ಇಲ್ಲದೆ, ಒಂದು ನಿಮಿಷದಷ್ಟು ಉಸಿರು ಕಟ್ಟಿ, ಸುಮಾರು 10 ಮೀಟರ್ ಆಳಕ್ಕೆ ಇಳಿದು ಚಿಪ್ಪುಜೀವಿ, ಪಾಚಿ ತರ್ತಾರೆ. ಮೇಲೆ ಬಂದಾಗ ಬಿಡೋ ಉಸಿರು ಸಿಳ್ಳೆ ಥರ ಕೇಳುತ್ತೆ. ಅದಕ್ಕೆ ‘ಸುಂಬಿಸೋರಿ’ ಅಂತ ಹೆಸರು. 2016ರಲ್ಲಿ ಯುನೆಸ್ಕೊ ಇವರ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಸ್ಕೂಬಾ ಬಂದಾಗ ಇವರು ಏನು ಮಾಡಿದರು ಗೊತ್ತಾ? ಕೊಯ್ಲಿಗೆ ಅದನ್ನು ಒಳಗೆ ಬಿಡಲಿಲ್ಲ. ಸಿಲಿಂಡರ್ ಹಾಕಿದರೆ ಒಬ್ಬಳೇ ಹತ್ತು ಜನರಷ್ಟು ತರಬಹುದು, ಆದರೆ ನಾಲ್ಕು ವರ್ಷದಲ್ಲಿ ತಳ ಖಾಲಿ. ಎಷ್ಟು ಉಸಿರು ಇದೆಯೋ ಅಷ್ಟೇ ಕೊಯ್ಲು. ಯಾವ ತಿಂಗಳು ಯಾವುದನ್ನು ಮುಟ್ಟಬಾರದು, ಎಷ್ಟು ಚಿಕ್ಕದನ್ನು ವಾಪಸ್ ಬಿಡಬೇಕು ಅನ್ನೋದೆಲ್ಲ ಊರಿನ ಸಹಕಾರಿ ಸಂಘದ ತೀರ್ಮಾನ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬಡ್ಡಿ ತಿನ್ನೋದು, ಅಸಲು ಮುಟ್ಟದೇ ಇರೋದು. ಆದರೆ 1960ರ ದಶಕದಲ್ಲಿ 20,000ಕ್ಕೂ ಹೆಚ್ಚಿದ್ದ ಇವರು ಈಗ ಕೆಲವೇ ಸಾವಿರ, ಹೆಚ್ಚಿನವರು 60 ದಾಟಿದ ಅಜ್ಜಿಯರು. ಅವರ ಜೊತೆ ಆ ಸಮುದ್ರದ ಹಳೇ ಲೆಕ್ಕವೂ ಹೋಗ್ತಿದೆ.

ಕೊರಿಯಾ ದೂರ ಆಯ್ತು ಅಂದರೆ ನಮ್ಮ ಪಕ್ಕದ ತಮಿಳುನಾಡಿಗೆ ಬನ್ನಿ. ರಾಮೇಶ್ವರದ ಪಂಬನ್ ದ್ವೀಪದ ಸುತ್ತಮುತ್ತ ಮೀನುಗಾರ ಮನೆಗಳ ಹೆಂಗಸರು ಕಣ್ಣಿಗೆ ಗಾಗಲ್ಸ್ ಹಾಕಿ, ಬೆರಳಿಗೆ ಬಟ್ಟೆ ಸುತ್ತಿ, ಉಸಿರು ಕಟ್ಟಿ ಮುಳುಗಿ ಕಡಲಪಾಚಿ ಬಿಡಿಸ್ತಾರೆ. ನಾವು ತಿನ್ನೋ ಜೆಲ್ಲಿ, ಐಸ್‌ಕ್ರೀಂನಲ್ಲಿ, ಲ್ಯಾಬ್‌ಗಳಲ್ಲಿ ಬಳಸೋ ಅಗರ್ ಬರೋದು ಇಂಥ ಪಾಚಿಯಿಂದಲೇ.

1986ರಲ್ಲಿ ಅಲ್ಲಿನ 21 ದ್ವೀಪಗಳನ್ನು ಸೇರಿಸಿ ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಆಯಿತು. ಹವಳ ಉಳಿಯಬೇಕು, ಸರಿ. ಆದರೆ ಉದ್ಯಾನದ ಒಳಗೆ ಏನನ್ನೂ ಕೀಳೋ ಹಾಗಿಲ್ಲ. ನಿಯಮ ಬಿಗಿಯಾಗ್ತಾ ಹೋದ ಹಾಗೆ, ತಾಯಿ ಮಗಳು ಅಂತ ತಲೆಮಾರಿನಿಂದ ಅದೇ ನೀರಿಗಿಳಿದವರು ಅತಿಕ್ರಮಣ ಮಾಡುವವರಾದರು. ದಾಖಲೆಯಲ್ಲಿ ಉದ್ಯಾನ ಇತ್ತು, ಅದರೊಳಗೆ ದುಡಿಯೋ ಹೆಂಗಸರು ಇರಲಿಲ್ಲ.

ಅವರು ಸುಮ್ಮನೆ ಕೂರಲಿಲ್ಲ, ಸಂಘಟನೆ ಕಟ್ಟಿದರು, ತಮಗೆ ತಾವೇ ನಿಯಮ ಹಾಕ್ಕೊಂಡರು. ತಿಂಗಳಿಗೆ 12 ದಿನ ಮಾತ್ರ ಕೊಯ್ಲು. ಕಬ್ಬಿಣದ ಸಲಕರಣೆ ಹಾಕಿ ಕೆರೆಯೋದು ಬೇಡ, ಕೈಯಲ್ಲೇ ಬಿಡಿಸಬೇಕು, ಆಗ ಬುಡ ಉಳಿಯುತ್ತೆ, ಮತ್ತೆ ಚಿಗುರುತ್ತೆ. ಅವರ ನಾಯಕಿ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ಅಮೆರಿಕದ ಸೀಕಾಲಜಿ ಸಂಸ್ಥೆಯ ಪ್ರಶಸ್ತಿ ಬಂತು. ದ್ವೀಪಗಳ ಪರಿಸರ ಉಳಿಸಿದವರಿಗೆ ಕೊಡೋ ಪ್ರಶಸ್ತಿ ಅದು.

ಸಿಲ್ವಿಯಾ ಅರ್ಲ್ ಓದಿದ್ದೂ ಕಡಲಪಾಚಿಯನ್ನೇ, ಲಕ್ಷ್ಮಿ ಬಿಡಿಸಿದ್ದೂ ಕಡಲಪಾಚಿಯನ್ನೇ. ಒಬ್ಬರು ನೀರೊಳಗೆ ಕಳೆದದ್ದು 7,000 ಗಂಟೆ ಅಂತ ಲೆಕ್ಕ ಇದೆ, ಇನ್ನೊಬ್ಬರ ಗಂಟೆಗಳನ್ನು ಯಾರೂ ಎಣಿಸಿಲ್ಲ. ಸಮುದ್ರದ ಬಗ್ಗೆ ನಿಯಮ ಮಾಡುವಾಗ ಇಬ್ಬರನ್ನೂ ಕರೆದು ಕೇಳಬೇಕು ಅನ್ನೋದು ನನ್ನ ಮಾತು. ಕೇಳದೇ ಇದ್ದರೆ ಅರ್ಧ ಸ್ಟಾಕ್ ರಿಜಿಸ್ಟರ್ ಬಿಟ್ಟು ಬ್ಯಾಲೆನ್ಸ್ ಶೀಟ್ ಬರೆದ ಹಾಗೆ.

ನಮ್ಮ ಕರಾವಳಿಯ ಲೆಕ್ಕ

ಈಗ ಇದು ಇನ್ನೂ ತುರ್ತು ಯಾಕೆ ಅಂತ ಹೇಳ್ತೀನಿ. ಹವಳ ಕಲ್ಲಲ್ಲ, ಪುಟ್ಟ ಪುಟ್ಟ ಪ್ರಾಣಿಗಳ ಕಾಲೊನಿ. ಅವುಗಳ ಮೈಯೊಳಗೆ ವಾಸಿಸೋ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತೆ, ಬಣ್ಣವೂ ಹೆಚ್ಚಾಗಿ ಅದರದ್ದೇ. ನೀರು ಮಾಮೂಲಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತೆ. ಬೇಗ ತಂಪಾದರೆ ಚೇತರಿಸ್ಕೊಳ್ಳುತ್ತೆ, ಇಲ್ಲದಿದ್ದರೆ ಹಸಿದು ಸಾಯುತ್ತೆ. 2024ರ ಏಪ್ರಿಲ್‌ನಲ್ಲಿ ನೋವಾ, ಜಗತ್ತಿನಾದ್ಯಂತ ಹವಳ ಬಿಳಿಚೋ ನಾಲ್ಕನೇ ದೊಡ್ಡ ಘಟನೆ ನಡೀತಿದೆ ಅಂತ ಘೋಷಿಸಿತು. ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಬಿಳಿಚಿತ್ತು, 2024ರಲ್ಲಿ ಮತ್ತೆ ಬಿಳಿಚಿತು. ಇವತ್ತು ಮೊದಲ ಸಲ ಡೈವ್ ಮಾಡೋ ಇಪ್ಪತ್ತು ವರ್ಷದ ಹುಡುಗಿಗೆ ಇದಾದ ಮೇಲಿನ ಸಮುದ್ರವೇ ಓಪನಿಂಗ್ ಬ್ಯಾಲೆನ್ಸ್.

ನೇತ್ರಾಣಿಗೆ ಹೋಗೋ ಪ್ಲಾನ್ ಇದ್ದರೆ ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಹೋಗಿ. ಈಜು ಬರದಿದ್ದರೂ ಇನ್‌ಸ್ಟ್ರಕ್ಟರ್ ಜೊತೆ ಗರಿಷ್ಠ 12 ಮೀಟರ್ ಒಳಗೆ ಪರಿಚಯದ ಡೈವ್ ಮಾಡಬಹುದು. ಕೆಳಗೆ ಉಸಿರು ಬಿಗಿಹಿಡಿಯಬೇಡಿ. ಹವಳದ ಮೇಲೆ ನಿಲ್ಲಬೇಡಿ, ಕೈ ಊರಬೇಡಿ, ಕಾಲಿನ ಫಿನ್ ತಾಗಿಸಬೇಡಿ, ಬೆರಳಷ್ಟು ಹವಳ ಬೆಳೆಯೋಕೆ ವರ್ಷಗಳೇ ಬೇಕು. ನೆನಪಿಗೆ ಅಂತ ಚೂರನ್ನೂ ತರಬೇಡಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಮೇಲೆ ಬಂದ ಮೇಲೆ ದಿನಾಂಕ, ಆಳ, ಕಂಡ ಮೀನು, ಹವಳದ ಬಣ್ಣ ಬರೆದಿಡಿ. ಡೈವರ್‌ಗಳು ಇದಕ್ಕೆ ಲಾಗ್‌ಬುಕ್ ಅಂತಾರೆ. ಹತ್ತು ವರ್ಷ ಕಳೆದು ಮತ್ತೆ ಅದೇ ಜಾಗಕ್ಕೆ ಹೋದಾಗ ನಿಮ್ಮ ಹತ್ತಿರ ಒಂದು ಲೆಕ್ಕ ಇರುತ್ತೆ.

ಡೈವ್ ಮಾಡೋಕೆ ದುಡ್ಡಿಲ್ಲ, ಧೈರ್ಯ ಇಲ್ಲ ಅನ್ನೋರು ಭಟ್ಕಳ, ಕಾರವಾರ, ಮಲ್ಪೆಯ ಮೀನು ಮಾರ್ಕೆಟ್‌ಗೆ ಹೋಗಿ. ಮೂವತ್ತು ನಲವತ್ತು ವರ್ಷದಿಂದ ಬುಟ್ಟಿ ಇಟ್ಕೊಂಡು ಕೂತ ಹೆಂಗಸರು ಅಲ್ಲಿದ್ದಾರೆ. ಮೀನು ತಗೊಂಡು, ಅಕ್ಕಾ, ನೀವು ಶುರು ಮಾಡಿದಾಗ ಅಂಜಲ್ ಎಷ್ಟು ದೊಡ್ಡದು ಬರ್ತಿತ್ತು, ಈಗ ಯಾವ ಮೀನು ಬರೋದೇ ನಿಂತುಹೋಗಿದೆ ಅಂತ ಕೇಳಿ. ಅವರು ಒಪ್ಪಿದರೆ ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ಅಂಥ ರೆಕಾರ್ಡಿಂಗ್ ನಿಮ್ಮ ಹತ್ತಿರ ಇದ್ದರೆ ನಮಗೆ ಕಳಿಸಿ, ಅವರ ಅನುಮತಿ ಇದ್ದರೆ ಮುಂದಿನ ಸಂಚಿಕೆಗಳಲ್ಲಿ ಅವರದೇ ದನಿಯಲ್ಲಿ ಕೇಳೋಣ. ಇವತ್ತಿಗೆ ಇಷ್ಟು.